ಪ್ರೀಪೇಯ್ಡ್ ಕಾರ್ಡಿನ ಜೊತೆ ಕನ್ನಡದ ಷರತ್ತು ಪತ್ರವನ್ನೂ ಕೊಡಲಿ

ಸಂಪಾದಕರಿಗೆ,

ಮಾನ್ಯರೇ,

‘ಬ್ಯಾಂಕ್ ಖಾತೆ ಬೇಡ, ಮಿನಿಮಮ್ ಬ್ಯಾಲೆನ್ಸ್ ಬೇಡ, ಐದೇ ನಿಮಿಷದಲ್ಲಿ ಕಾರ್ಡ್’ ಎಂಬ ಮಾತು ಮೊಬೈಲ್ ಅಂಗಡಿಗಳಲ್ಲೂ ಆ್ಯಪ್‌ಗಳ ಜಾಹೀರಾತಿನಲ್ಲೂ ಧಾರಾಳವಾಗಿ ಕೇಳಿಬರುತ್ತಿದೆ. ರಾಯಚೂರು, ಯಾದಗಿರಿ, ಕೊಪ್ಪಳ ಕಡೆಯಿಂದ ಬೆಂಗಳೂರಿಗೆ ದುಡಿಯಲು ಬಂದವರು, ಪಿಜಿಯಲ್ಲಿರುವ ವಿದ್ಯಾರ್ಥಿಗಳು, ಮನೆಗೆಲಸದವರು ಇದನ್ನು ನಂಬಿ ಪ್ರೀಪೇಯ್ಡ್ ಕಾರ್ಡ್, ಅಂದರೆ ಮೊದಲೇ ಹಣ ತುಂಬಿ ಆಮೇಲೆ ಖರ್ಚು ಮಾಡುವ ಕಾರ್ಡ್, ಕೊಳ್ಳುತ್ತಾರೆ. ಕಾರ್ಡು ಕೆಟ್ಟದ್ದೇನಲ್ಲ. ಆದರೆ ಅದು ಯಾವ ಜಾತಿಯ ಕಾರ್ಡು ಎಂಬುದನ್ನು ಮಾರುವವರು ಹೇಳುವುದಿಲ್ಲ, ಕೊಳ್ಳುವವರಿಗೆ ಕೇಳಲು ತಿಳಿದಿರುವುದಿಲ್ಲ. ನೋಡಲು ಎಲ್ಲವೂ ಒಂದೇ: ಹದಿನಾರು ಅಂಕಿ, ಚಿಪ್ಪು, ಮೂಲೆಯಲ್ಲಿ ರುಪೇ ಅಥವಾ ವೀಸಾ ಗುರುತು. ವ್ಯತ್ಯಾಸ ಗೊತ್ತಾಗುವುದು ದುಡ್ಡು ಸಿಕ್ಕಿಹಾಕಿಕೊಂಡ ಮೇಲೆ.

ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 27ರಂದು ಹೊರಡಿಸಿದ ನಿರ್ದೇಶನಗಳು ಇಂಥ ಕಾರ್ಡು ಮತ್ತು ಮೊಬೈಲಿನಲ್ಲೇ ಹಣ ತುಂಬಿಡುವ ವಾಲೆಟ್‌ಗಳನ್ನು ಮುಖ್ಯವಾಗಿ ಎರಡಾಗಿ ವಿಂಗಡಿಸಿವೆ. ಮೊಬೈಲ್ ನಂಬರಿಗೆ ಬರುವ ಓಟಿಪಿ, ಹೆಸರು, ಯಾವುದಾದರೂ ಒಂದು ಗುರುತಿನ ಚೀಟಿಯ ಸಂಖ್ಯೆ, ಇಷ್ಟರಿಂದಲೇ ಸಿಗುವುದು ಸಣ್ಣ ಕಾರ್ಡು. ‘ಐದು ನಿಮಿಷ’ದಲ್ಲಿ ಕೈಗೆ ಬರುವುದು ಬಹುಮಟ್ಟಿಗೆ ಇದೇ. ಇದರಲ್ಲಿ ಯಾವ ಹೊತ್ತಿನಲ್ಲೂ 10,000 ರೂಪಾಯಿಗಿಂತ ಹೆಚ್ಚು ಇರಕೂಡದು. ತಿಂಗಳಿಗೆ ತುಂಬಬಹುದಾದದ್ದು 10,000, ವರ್ಷಕ್ಕೆ 1,20,000. ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಖರೀದಿ ಮಾಡಬಹುದು, ಅಷ್ಟೇ. ಎಟಿಎಂನಲ್ಲಿ ನಗದು ಬರುವುದಿಲ್ಲ, ಇನ್ನೊಬ್ಬರಿಗೆ ದುಡ್ಡು ಕಳಿಸಲಾಗುವುದಿಲ್ಲ. ನಗದು ಕೊಟ್ಟು ತುಂಬಬಹುದಾದ ಸಣ್ಣ ಕಾರ್ಡನ್ನು 24 ತಿಂಗಳೊಳಗೆ ಪೂರ್ಣ ಕೆವೈಸಿಗೆ, ಅಂದರೆ ಗುರುತು ಮತ್ತು ವಿಳಾಸವನ್ನು ದಾಖಲೆಯಿಂದ ಪರಿಶೀಲಿಸಿ ಕೊಡುವ ಕಾರ್ಡಿಗೆ, ಬದಲಾಯಿಸಿಕೊಳ್ಳಬೇಕು. ತಪ್ಪಿದರೆ ಇರುವುದನ್ನು ಖರ್ಚು ಮಾಡಬಹುದೇ ಹೊರತು ಹೊಸದಾಗಿ ತುಂಬಲಾಗದು. ನಗದು ತುಂಬುವ ಸೌಲಭ್ಯವೇ ಇಲ್ಲದ ಇನ್ನೊಂದು ಬಗೆಯ ಸಣ್ಣ ಕಾರ್ಡಿದೆ. ಅದಕ್ಕೆ ಬ್ಯಾಂಕ್ ಖಾತೆ, ಕ್ರೆಡಿಟ್ ಕಾರ್ಡ್ ಅಥವಾ ಪೂರ್ಣ ಕೆವೈಸಿಯ ವಾಲೆಟ್‌ನಿಂದಲೇ ಹಣ ಬರಬೇಕು. ಖಾತೆ ಇಲ್ಲದವರಿಗೆ ಇದನ್ನು ಮಾರುವುದು ಬಾವಿ ತೋರಿಸಿ ಹಗ್ಗ ಕೊಡದಂತೆ.

ಎರಡನೆಯದು ಪೂರ್ಣ ಕೆವೈಸಿ ಕಾರ್ಡು. ಇದರಲ್ಲಿ 2,00,000 ರೂಪಾಯಿವರೆಗೆ ಇಟ್ಟುಕೊಳ್ಳಬಹುದು. ನಗದಿನ ಮೂಲಕ ತಿಂಗಳಿಗೆ 50,000ದವರೆಗೆ ತುಂಬಬಹುದು. ಮೊದಲೇ ನೋಂದಾಯಿಸಿದ ಪ್ರತಿ ವ್ಯಕ್ತಿಗೆ ತಿಂಗಳಿಗೆ 2,00,000ದವರೆಗೆ ಕಳಿಸಬಹುದು, ನೋಂದಾಯಿಸದವರಿಗೆ ಎಲ್ಲ ಸೇರಿ ತಿಂಗಳಿಗೆ 10,000. ನಗದು ತೆಗೆಯುವ ವಿಷಯಕ್ಕೆ ಬಂದರೆ, ಕಾರ್ಡು ಕೊಟ್ಟದ್ದು ಬ್ಯಾಂಕೇ ಅಥವಾ ಬ್ಯಾಂಕಲ್ಲದ ಕಂಪನಿಯೇ ಎಂಬುದನ್ನು ನೋಡಬೇಕು. ಬ್ಯಾಂಕಲ್ಲದ ಕಂಪನಿಯ ಕಾರ್ಡಿನಲ್ಲಿ ಒಂದು ಸಲಕ್ಕೆ 2,000, ತಿಂಗಳಿಗೆ ಒಟ್ಟು 10,000 ಮಾತ್ರ.

ಈ ಅಂಕಿಗಳು ಒಂದು ತಿಂಗಳ ಸಂಬಳದ ಮೇಲೆ ಹೇಗೆ ಕೂರುತ್ತವೆ ನೋಡಿ. ಒಬ್ಬರಿಗೆ ಕೈಗೆ 14,000 ಬರುತ್ತದೆ ಎಂದಿಟ್ಟುಕೊಳ್ಳೋಣ. ಸಣ್ಣ ಕಾರ್ಡಿಗೆ 10,000 ಹೋಗುತ್ತದೆ, ಉಳಿದ 4,000 ಜೇಬಿನಲ್ಲೇ ಇರಬೇಕು. ಬಾಡಿಗೆ 4,500. ಮನೆ ಮಾಲೀಕರ ಹತ್ತಿರ ಸ್ವೈಪ್ ಮಷಿನ್ ಇರುವುದಿಲ್ಲ, ಕಾರ್ಡಿನಿಂದ ಅವರ ಖಾತೆಗೆ ಹಣ ಹಾಕಲು ಬರುವುದಿಲ್ಲ. ಊರಿನಲ್ಲಿರುವ ಅಮ್ಮನಿಗೆ 5,000 ಕಳಿಸಬೇಕು, ಅದೂ ಆಗದು. ಅಂದರೆ ಸಂಬಳದ ಬಹುಪಾಲು ಕಾರ್ಡಿನೊಳಗೆ ಕೂತರೂ ತಿಂಗಳ ಎರಡು ದೊಡ್ಡ ಖರ್ಚುಗಳು ಅದರಿಂದ ನಡೆಯುವುದಿಲ್ಲ.

ಅದೇ 14,000ವನ್ನು ಪೂರ್ಣ ಕೆವೈಸಿ ಕಾರ್ಡಿಗೆ ಹಾಕಿದರೆ ಎರಡೂ ನಡೆಯುತ್ತವೆ. ಆದರೆ ಇಲ್ಲೂ ಒಂದು ಎಡವಟ್ಟಿದೆ. ಅಮ್ಮನನ್ನೂ ಮನೆ ಮಾಲೀಕರನ್ನೂ ನೋಂದಾಯಿಸದಿದ್ದರೆ ಇಬ್ಬರಿಗೂ ಸೇರಿ ಹೋದದ್ದು 9,500. ತಿಂಗಳ ಕೊನೆಗೆ ಗೆಳೆಯನಿಗೆ 600 ರೂಪಾಯಿ ಕೊಡಹೋದರೆ ‘ಲಿಮಿಟ್ ಮೀರಿದೆ’ ಎಂದು ಬರುತ್ತದೆ. ಕಾರ್ಡಿನಲ್ಲಿ ಹಣ ಇದ್ದೂ ಯಾಕೆ ಹೋಗುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರಿಗೆ ಕಾರಣ ಇದೇ. ಕಾರ್ಡು ಬಂದ ದಿನವೇ ಆ್ಯಪ್‌ನಲ್ಲಿ ‘ಬೆನಿಫಿಷಿಯರಿ’ (ಹಣ ಪಡೆಯುವವರು) ಎಂದಿರುವಲ್ಲಿ ಅಮ್ಮನ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಸಂಕೇತ), ಮಾಲೀಕರ ಖಾತೆ, ಎರಡನ್ನೂ ಸೇರಿಸಿ ಬಿಡಬೇಕು. ಸೇರಿಸಿದ ಮೇಲೆ ಮೊದಲು ಒಂದು ರೂಪಾಯಿ ಕಳಿಸಿ, ಅದು ಅವರಿಗೆ ತಲುಪಿದೆಯೇ ಎಂದು ಫೋನಿನಲ್ಲಿ ಕೇಳಿ ಉಳಿದದ್ದನ್ನು ಕಳಿಸುವುದು ಕ್ಷೇಮ.

ನಗದು ತೆಗೆಯುವವರು ಇನ್ನೊಂದು ಲೆಕ್ಕ ಹಾಕಬೇಕು. ತಿಂಗಳಿಗೆ ಇಂತಿಷ್ಟು ಉಚಿತ ಎಟಿಎಂ ವ್ಯವಹಾರ ಎಂಬ ನಿಯಮ ಇರುವುದು ಉಳಿತಾಯ ಖಾತೆಯ ಕಾರ್ಡಿಗೆ. ಪ್ರೀಪೇಯ್ಡ್ ಕಾರ್ಡಿಗೆ ಕಂಪನಿ ಹೇಳಿದ್ದೇ ದರ. ಒಂದು ಸಲಕ್ಕೆ 20 ರೂಪಾಯಿ ಎಂದು ಹಿಡಿದರೂ ಶೇ 18ರ ಜಿಎಸ್‌ಟಿ ಸೇರಿ 23.60 ಆಗುತ್ತದೆ. 10,000 ತೆಗೆಯಲು 2,000ದಂತೆ ಐದು ಸಲ, ಅಂದರೆ 118 ರೂಪಾಯಿ. ವರ್ಷಕ್ಕೆ 1,416. ಇದರ ಜೊತೆ ಕಾರ್ಡಿನ ಬೆಲೆ, ವಾರ್ಷಿಕ ಶುಲ್ಕ, ತುಂಬುವಾಗಿನ ಶುಲ್ಕ ಬೇರೆ. ಪ್ರೀಪೇಯ್ಡ್ ಕಾರ್ಡಿನ ಹಣಕ್ಕೆ ಬಡ್ಡಿ ಕೊಡುವಂತಿಲ್ಲ ಎಂಬುದೂ ರಿಸರ್ವ್ ಬ್ಯಾಂಕಿನದೇ ನಿಯಮ. ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಶೇ 2.5 ಹಿಡಿದರೂ 10,000ಕ್ಕೆ ವರ್ಷಕ್ಕೆ 250 ರೂಪಾಯಿ ಸಿಗುತ್ತಿತ್ತು.

ಕಾರ್ಡು ಮಾಡಿಸುವಾಗ ನೋಡಬೇಕಾದ ಮೊದಲ ಸಂಗತಿ ಮೊಬೈಲ್ ನಂಬರ್. ಅದು ಕಾರ್ಡಿನವರ ಹೆಸರಿನಲ್ಲೇ ಇರಬೇಕು. ಗುತ್ತಿಗೆದಾರನ ಅಥವಾ ಮೇಸ್ತ್ರಿಯ ನಂಬರ್ ಕೊಟ್ಟು ಮಾಡಿಸಿದ ಕಾರ್ಡು ನಿಜದಲ್ಲಿ ಆ ನಂಬರಿನವನದು: ಪಿನ್ ಬದಲಿಸುವುದು, ಕಾರ್ಡು ನಿಲ್ಲಿಸುವುದು, ಹಣ ಕಳಿಸುವುದು ಎಲ್ಲಕ್ಕೂ ಓಟಿಪಿ ಅವನಿಗೇ ಹೋಗುತ್ತದೆ. ಊರಿಗೆ ಹೋಗಿ ಮೂರ್ನಾಲ್ಕು ತಿಂಗಳು ರೀಚಾರ್ಜ್ ಮಾಡಿಸದೆ ಸಿಮ್ ಸತ್ತುಹೋಗುವುದೂ ಇದೆ. ಸ್ಥಗಿತವಾದ ನಂಬರನ್ನು 90 ದಿನ ಕಳೆದ ಮೇಲೆ ಟೆಲಿಕಾಂ ಕಂಪನಿ ಬೇರೆಯವರಿಗೆ ಕೊಡಬಹುದು. ಕಾರ್ಡಿನಲ್ಲಿ ಹಣ, ಓಟಿಪಿ ಯಾರೋ ಅಪರಿಚಿತರ ಕೈಯಲ್ಲಿ! ಬ್ಯಾಂಕಾದರೆ ಶಾಖೆಗೆ ಹೋಗಿ ನಂಬರ್ ಬದಲಿಸಿ ಎಂದು ಕೂರಬಹುದು. ಶಾಖೆಯೇ ಇಲ್ಲದ ಕಂಪನಿಯಲ್ಲಿ ಇಮೇಲ್, ಚಾಟ್, ಮತ್ತೆ ಓಟಿಪಿ ಕೇಳುವ ಸಹಾಯವಾಣಿ, ಇಷ್ಟೇ ದಾರಿ.

ಪೂರ್ಣ ಕೆವೈಸಿಯನ್ನು ವಿಡಿಯೊ ಕರೆಯಲ್ಲೂ ಮಾಡಿಸಬಹುದು. ಅಸಲಿ ಪ್ಯಾನ್ ಕಾರ್ಡು ಅಥವಾ ಇ–ಪ್ಯಾನ್ ಹತ್ತಿರವಿರಲಿ. ಪ್ಯಾನ್ ಇಲ್ಲದಿದ್ದರೆ ವಿಡಿಯೊ ಕೆವೈಸಿ ಆಗುವುದಿಲ್ಲ. ಮುಖದ ಮೇಲೆ ಬೆಳಕು ಬೀಳಬೇಕು, ಮೊಬೈಲಿನ ಲೊಕೇಷನ್ ಆನ್ ಇರಬೇಕು. ಬಹಳ ಸಲ ತಿರಸ್ಕಾರವಾಗುವುದು ಹೆಸರಿನ ಕಾರಣಕ್ಕೆ: ಆಧಾರ್‌ನಲ್ಲಿ ‘ಹನುಮಂತಪ್ಪ’, ಪ್ಯಾನ್‌ನಲ್ಲಿ ‘ಹನಮಂತ’. ಕಾರ್ಡಿಗೆ ಅರ್ಜಿ ಹಾಕುವ ಮೊದಲೇ ಎರಡನ್ನೂ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ನೋಡಿ, ಬೇರೆ ಇದ್ದರೆ ಒಂದನ್ನು ತಿದ್ದಿಸಿ.

ಕಾರ್ಡು ಬಂದ ಮೇಲೆ ಹಿಂಬದಿ ಓದಬೇಕು. ಮುಂದೆ ದೊಡ್ಡದಾಗಿ ಆ್ಯಪ್‌ನ ಹೆಸರು, ಹಿಂದೆ ಸಣ್ಣಕ್ಷರದಲ್ಲಿ ‘ನೀಡಿದವರು’ ಎಂದು ಇನ್ನೊಂದು ಹೆಸರು ಇರುತ್ತದೆ. ದುಡ್ಡಿಗೆ ಜವಾಬ್ದಾರರು ಆ ಎರಡನೆಯವರು. ಆ ಹೆಸರು ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿರುವ ಅನುಮತಿ ಪಡೆದವರ ಪಟ್ಟಿಯಲ್ಲಿ ಅಥವಾ ಬ್ಯಾಂಕುಗಳ ಪಟ್ಟಿಯಲ್ಲಿ ಇಲ್ಲದಿದ್ದರೆ ಅದಕ್ಕೆ ಒಂದು ರೂಪಾಯಿಯನ್ನೂ ತುಂಬಬೇಡಿ. ಹೊಸ ಕಾರ್ಡು ಸ್ವೈಪ್ ಮಷಿನ್ನಿನಲ್ಲಿ ನಡೆದು ಆನ್‌ಲೈನ್‌ನಲ್ಲಿ ನಡೆಯದಿದ್ದರೆ ಗಾಬರಿ ಬೇಡ. ಆನ್‌ಲೈನ್ ಮತ್ತು ಟ್ಯಾಪ್ ಮಾಡುವ ಸೌಲಭ್ಯಗಳು ಮೊದಲಿಗೆ ಬಂದ್ ಆಗಿಯೇ ಬರುತ್ತವೆ, ಆ್ಯಪ್‌ನಲ್ಲಿ ಹೋಗಿ ಆನ್ ಮಾಡಬೇಕು. ಬೇಡದಿದ್ದರೆ ಟ್ಯಾಪ್ ಬಂದ್ ಇರುವುದೇ ಒಳ್ಳೆಯದು. 5,000ದವರೆಗೆ ಪಿನ್ ಇಲ್ಲದೆ ಹೋಗುತ್ತದೆ.

ಅಂಗಡಿಯಲ್ಲಿ ಆಗುವ ಸಾಮಾನ್ಯ ಪಜೀತಿ ಕಾರ್ಡಿನಲ್ಲಿ ಉಳಿದ ಚಿಲ್ಲರೆ ಹಣದ್ದು. ಕಾರ್ಡಿನಲ್ಲಿ 612.40 ಇದೆ, ಬಿಲ್ 640. ಮಷಿನ್ ಇರುವಷ್ಟನ್ನು ತೆಗೆದುಕೊಂಡು ಉಳಿದದ್ದನ್ನು ಕೇಳುವುದಿಲ್ಲ, ‘ಡಿಕ್ಲೈನ್ಡ್’ ಎಂದು ಸುಮ್ಮನಾಗುತ್ತದೆ. ಕ್ಯಾಷಿಯರ್‌ಗೆ ‘ಮೊದಲು 612 ಸ್ವೈಪ್ ಮಾಡಿ, 28 ರೂಪಾಯಿ ಕ್ಯಾಶ್ ಕೊಡ್ತೀನಿ’ ಎಂದು ಮೊದಲೇ ಹೇಳಬೇಕು. ಬಿಲ್ ಹೊಡೆದಾದ ಮೇಲೆ ಹೇಳಿದರೆ ಎಷ್ಟೋ ಕಡೆ ಒಪ್ಪುವುದಿಲ್ಲ. ಹೀಗೆ ಮಾಡದ ಕಾರಣ 12, 40, 87 ರೂಪಾಯಿಗಳು ಕಾರ್ಡುಗಳಲ್ಲಿ ಉಳಿದು ಅವಧಿ ಮುಗಿಯುತ್ತವೆ. ಗಿಫ್ಟ್ ಕಾರ್ಡಿನಲ್ಲಂತೂ ಇದು ಹೆಚ್ಚು. ಅದನ್ನು ಮತ್ತೆ ತುಂಬಲು ಬರುವುದಿಲ್ಲ, ನಗದಾಗಿಯೂ ಸಿಗದು, ಗರಿಷ್ಠ ಮೌಲ್ಯ 10,000. ದೀಪಾವಳಿಗೆ ಬೋನಸ್ ಬದಲು ಗಿಫ್ಟ್ ಕಾರ್ಡು ಕೊಡುವ ಮಾಲೀಕರು ಇದನ್ನು ಅರಿತಿದ್ದರೆ ಒಳ್ಳೆಯದು.

ಕಾರ್ಡಿನಿಂದ ಕೊಂಡದ್ದನ್ನು ವಾಪಸು ಮಾಡಿದರೆ ಹಣ ಅದೇ ಕಾರ್ಡಿಗೆ ಬರುತ್ತದೆ, ಮಿತಿ ಮೀರಿದರೂ ಜಮಾ ಮಾಡಲೇಬೇಕು ಎಂದು ನಿಯಮವಿದೆ. ಬಾಕಿ ಸೊನ್ನೆಯಾಯಿತೆಂದು ಕಾರ್ಡು ಮುರಿದು ಎಸೆಯುವುದು ಬೇಡ. ಎಟಿಎಂನಲ್ಲಿ ಹಣ ಬರದೆ ಕಾರ್ಡಿನಿಂದ ಕಡಿತವಾದರೆ ಐದು ದಿನದೊಳಗೆ ವಾಪಸಾಗಬೇಕು. ಆಮೇಲೆ ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಕೇಳದೆಯೇ ಸಿಗಬೇಕು. ಕೇಳದಿದ್ದರೆ ಸಿಗುತ್ತದೆಯೇ ಎಂಬುದು ಬೇರೆ ಮಾತು. ಚೀಟಿ ಇಟ್ಟುಕೊಳ್ಳಿ, ಚೀಟಿ ಬರದಿದ್ದರೆ ಎಟಿಎಂ ಸಂಖ್ಯೆ ಮತ್ತು ಹೊತ್ತು ಬರೆದುಕೊಳ್ಳಿ.

ನಮ್ಮ ಮೆಟ್ರೊದಲ್ಲಿ ನಡೆಯುವ ಕಾಮನ್ ಮೊಬಿಲಿಟಿ ಕಾರ್ಡ್ ಬಗ್ಗೆ ಒಂದೇ ಮಾತು. ಅದರಲ್ಲಿ ಹಣದ ಲೆಕ್ಕ ಎರಡು ಇರುತ್ತವೆ, ಒಂದು ಕಂಪನಿಯ ಸರ್ವರಿನಲ್ಲಿ, ಒಂದು ಚಿಪ್ಪಿನಲ್ಲಿ. ಗೇಟು ತೆರೆಯುವುದು ಚಿಪ್ಪಿನ ಹಣದಿಂದ. ಆ್ಯಪ್‌ನಲ್ಲಿ ತುಂಬಿದ್ದನ್ನು ನಿಲ್ದಾಣದ ಮಷಿನ್ನಿನಲ್ಲಿ ಚಿಪ್ಪಿಗೆ ಇಳಿಸದಿದ್ದರೆ ಗೇಟು ತೆರೆಯದು. ಕಾರ್ಡು ಕಳೆದರೆ ಚಿಪ್ಪಿನ ಹಣ ಹೋದಂತೆಯೇ.

ಕಾರ್ಡಿನ ಗುಟ್ಟು ಸರಿಯಾಗಿ ತಿಳಿಯುವುದು ಅದನ್ನು ಬಿಡಲು ಹೊರಟಾಗ. ಸಣ್ಣ ಕಾರ್ಡನ್ನು ಯಾವಾಗ ಬೇಕಾದರೂ ಮುಚ್ಚಬಹುದು, ಸರಿ. ಆದರೆ ಉಳಿದ ಹಣ ಹೋಗುವುದು ಎಲ್ಲಿಂದ ತುಂಬಿದಿರೋ ಆ ಮೂಲಕ್ಕೆ, ಇಲ್ಲವೇ ಕೆವೈಸಿ ಮಾಡಿಸಿದ ಮೇಲೆ ನಿಮ್ಮ ಬ್ಯಾಂಕ್ ಖಾತೆಗೆ. ಅವಧಿ ಮುಗಿದ ಕಾರ್ಡಿನ ಹಣ ಕೇಳಿದರೂ ಅದು ಬರುವುದು ಬ್ಯಾಂಕ್ ಖಾತೆಗೇ. ಖಾತೆ ಬೇಡವೆಂದು ಕೊಂಡ ಕಾರ್ಡಿನಿಂದ ಹೊರಬರಲು ಖಾತೆ ಬೇಕು! ಖಾತೆ ಇಲ್ಲದವರಿಗೆ ಉಳಿಯುವ ದಾರಿ ಸೊನ್ನೆಯಾಗುವತನಕ ಖರೀದಿ ಮಾಡುವುದು. ಕೊನೆಯ ಸಲ ತುಂಬಿದ ದಿನದಿಂದ ಕನಿಷ್ಠ ಒಂದು ವರ್ಷ ಕಾರ್ಡು ನಡೆಯಬೇಕು, ಮುಗಿಯುವ ಮುಂಚಿನ 45 ದಿನಗಳಲ್ಲಿ ಕಂಪನಿ ಎಚ್ಚರಿಸಬೇಕು, ಬ್ಯಾಂಕಲ್ಲದ ಕಂಪನಿ ಮೂರು ವರ್ಷದವರೆಗೆ ಆ ಹಣವನ್ನು ತನ್ನ ಲಾಭಕ್ಕೆ ಸೇರಿಸಿಕೊಳ್ಳುವಂತಿಲ್ಲ. ಎಚ್ಚರಿಕೆಯ ಸಂದೇಶ ಇಂಗ್ಲಿಷ್‌ನಲ್ಲಿ, ಸಾಲದ ಜಾಹೀರಾತುಗಳ ನಡುವೆ ಬಂದು ಬಿದ್ದಿರುತ್ತದೆ. ಒಂದು ವರ್ಷ ಸತತವಾಗಿ ಯಾವ ವ್ಯವಹಾರವೂ ಇಲ್ಲದಿದ್ದರೆ ಕಾರ್ಡು ನಿಷ್ಕ್ರಿಯವಾಗುತ್ತದೆ, ಮತ್ತೆ ಚಾಲೂ ಮಾಡಲು ಪರಿಶೀಲನೆ ಆಗಬೇಕು.

ಸುರಕ್ಷತೆಯ ವಿಷಯದಲ್ಲೂ ಕಾರ್ಡು ಖಾತೆಗೆ ಸಮವಲ್ಲ. ಬ್ಯಾಂಕ್ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಬ್ಯಾಂಕಲ್ಲದ ಕಂಪನಿಯ ಕಾರ್ಡಿನ ಹಣ ಯಾವುದೋ ಒಂದು ಬ್ಯಾಂಕಿನ ಎಸ್ಕ್ರೊ ಖಾತೆಯಲ್ಲಿ (ಗ್ರಾಹಕರ ಹಣವನ್ನು ಬೇರೆಯಾಗಿ ಇಡುವ ಖಾತೆ) ಇರಬೇಕೆಂಬ ಕಟ್ಟಳೆ ಇದೆ, ನಿಮ್ಮ ಹೆಸರಿಗೆ ಆ ವಿಮೆ ಇಲ್ಲ. ನಿಯಂತ್ರಕರು ಒಂದು ಸಂಸ್ಥೆಯನ್ನು ತಡೆದರೆ ಏನಾಗುತ್ತದೆ ಎಂಬುದನ್ನು 2024ರಲ್ಲಿ ದೇಶವೇ ನೋಡಿತು. ರಿಸರ್ವ್ ಬ್ಯಾಂಕ್ ಜನವರಿ 31ರಂದು ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಮೇಲೆ ಆದೇಶ ಹೊರಡಿಸಿತು. ಮಾರ್ಚ್ 15ರ ನಂತರ ಅದರ ವಾಲೆಟ್, ಫಾಸ್ಟ್ಯಾಗ್, ಮೊಬಿಲಿಟಿ ಕಾರ್ಡುಗಳಿಗೆ ಹಣ ತುಂಬುವುದು ನಿಂತಿತು. ಇದ್ದ ಹಣ ಬಳಸಲು ಅವಕಾಶವಿತ್ತು ನಿಜ. ಬೇರೆ ಖಾತೆ ಇದ್ದವರು ಅಲ್ಲಿಗೆ ಸಾಗಿಸಿದರು. ಅದೊಂದನ್ನೇ ನಂಬಿದ್ದವರು ಪರದಾಡಬೇಕಾಯಿತು.

ಮೋಸವಾದರೆ ಮೊದಲ ಕೆಲಸ ಆ್ಯಪ್‌ನಲ್ಲಿ ಕಾರ್ಡು ಬ್ಲಾಕ್ ಮಾಡುವುದು, ಎರಡನೆಯದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಮೂರನೆಯದು ಕಂಪನಿಗೆ ಲಿಖಿತ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯುವುದು. ಕಂಪನಿಯ ತಪ್ಪಾಗಲಿ ಗ್ರಾಹಕರ ತಪ್ಪಾಗಲಿ ಇಲ್ಲದೆ ಬೇರೆಲ್ಲೋ ಆದ ಕನ್ನವಾದರೆ, ಸಂದೇಶ ಬಂದು ಮೂರು ದಿನದೊಳಗೆ ತಿಳಿಸಿದವರಿಗೆ ನಷ್ಟವೇ ಇಲ್ಲ. ನಾಲ್ಕರಿಂದ ಏಳು ದಿನವಾದರೆ ಆ ವ್ಯವಹಾರದ ಮೊತ್ತ ಅಥವಾ 10,000, ಯಾವುದು ಕಡಿಮೆಯೋ ಅಷ್ಟು ನಷ್ಟ ಗ್ರಾಹಕರದು. ಸಣ್ಣ ಕಾರ್ಡಿನಲ್ಲಿ ಇರಬಹುದಾದದ್ದೇ 10,000. ನಾಲ್ಕನೇ ದಿನ ತಿಳಿಸಿದರೆ ಪೂರ್ತಿ ಹೋಗಬಹುದು ಎಂದರ್ಥ. ನೀವಾಗಿಯೇ ಓಟಿಪಿ ಹೇಳಿದ್ದರೆ ಈ ರಕ್ಷಣೆ ಸಿಗದು. 30 ದಿನದಲ್ಲಿ ಕಂಪನಿ ಉತ್ತರಿಸದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಮಾಹಿತಿಗೆ 14448.

ಹಾಗಾದರೆ ಈ ಕಾರ್ಡು ಯಾರಿಗೆ? ಖಾತೆ ಇದ್ದವರಿಗೆ, ನಮ್ಮ ಅಭಿಪ್ರಾಯದಲ್ಲಿ. ಅಪರಿಚಿತ ಜಾಲತಾಣದಲ್ಲಿ ಕೊಳ್ಳುವಾಗ ಮುಖ್ಯ ಖಾತೆಯ ಕಾರ್ಡಿನ ಬದಲು ಇದನ್ನು ಬಳಸಿದರೆ, ಹೋದರೂ ತುಂಬಿದಷ್ಟೇ ಹೋಗುತ್ತದೆ. ಹಾಸ್ಟೆಲ್‌ನಲ್ಲಿರುವ ಮಗಳ ತಿಂಗಳ ಖರ್ಚು, ಅಂಗಡಿಯ ಹುಡುಗನ ಕೈಗೆ ಕೊಡುವ ಸಾಮಾನಿನ ದುಡ್ಡು, ಸಣ್ಣ ಕಚೇರಿಯ ಚಿಲ್ಲರೆ ಖರ್ಚು, ಇವಕ್ಕೆಲ್ಲ ಇದು ಹೇಳಿ ಮಾಡಿಸಿದ್ದು. ಕನಿಷ್ಠ ಆರು ತಿಂಗಳ ಸ್ಟೇಟ್‌ಮೆಂಟ್ ಕೊಡುವುದು ಕಡ್ಡಾಯವಾದ್ದರಿಂದ ಲೆಕ್ಕವೂ ಸಿಗುತ್ತದೆ.

ಖಾತೆಗೆ ಬದಲಾಗಿ ಮಾತ್ರ ಇದು ನಿಲ್ಲದು. ಗೃಹಲಕ್ಷ್ಮಿಯ 2,000 ಬರುವುದು ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ. ಪಿಎಫ್ ಹಣ ಬರುವುದು ಬ್ಯಾಂಕ್ ಖಾತೆಗೆ. ವರ್ಷಕ್ಕೆ 20 ರೂಪಾಯಿ ಕಟ್ಟಿ 2 ಲಕ್ಷದ ಅಪಘಾತ ವಿಮೆ ಪಡೆಯುವ ಸುರಕ್ಷಾ ಬಿಮಾ ಯೋಜನೆಗೂ ಬ್ಯಾಂಕ್ ಅಥವಾ ಅಂಚೆ ಖಾತೆ ಬೇಕು.

ಜನ ಖಾತೆಯಿಂದ ದೂರ ಓಡುವುದು ಬಹುಮಟ್ಟಿಗೆ ಮಿನಿಮಮ್ ಬ್ಯಾಲೆನ್ಸ್ ದಂಡಕ್ಕೆ ಹೆದರಿ. ಆ ಹೆದರಿಕೆಗೆ ಕಾರಣವಿತ್ತು, ಈಗ ಅಷ್ಟಿಲ್ಲ. ಸ್ಟೇಟ್ ಬ್ಯಾಂಕ್ 2020ರಲ್ಲಿ, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ 2025ರ ಜೂನ್‌ನಲ್ಲಿ ಉಳಿತಾಯ ಖಾತೆಗಳಿಗೆ ಈ ದಂಡವನ್ನು ಕೈಬಿಟ್ಟವು. ಬೇರೆ ಬ್ಯಾಂಕಿನಲ್ಲಾದರೂ ಶಾಖೆಗೆ ಹೋಗಿ ‘ಬೇಸಿಕ್ ಸೇವಿಂಗ್ಸ್ ಖಾತೆ’ ಎಂದೇ ಕೇಳಿ. ಬರೀ ‘ಎಸ್‌ಬಿ ಖಾತೆ’ ಎಂದರೆ ಬೇರೆಯದನ್ನು ತೆರೆದು ಬಿಡುತ್ತಾರೆ. ಬೇಸಿಕ್ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ಇಲ್ಲ, ಎಟಿಎಂ ಕಾರ್ಡಿಗೆ ಶುಲ್ಕವಿಲ್ಲ, ತಿಂಗಳಿಗೆ ಕನಿಷ್ಠ ನಾಲ್ಕು ಸಲ ಉಚಿತವಾಗಿ ಹಣ ತೆಗೆಯಬಹುದು. ತೆರೆಯಲು ಬೇಕಾದದ್ದು ಆಧಾರ್, ಜೊತೆಗೆ ಪ್ಯಾನ್. ಪ್ಯಾನ್ ಇಲ್ಲದಿದ್ದರೆ ಅದಿಲ್ಲ ಎಂಬ ಘೋಷಣಾ ಪತ್ರ. ಆಧಾರ್‌ನಲ್ಲಿ ಲಿಂಗಸುಗೂರಿನ ವಿಳಾಸವಿದ್ದು ವಾಸ ಬೊಮ್ಮನಹಳ್ಳಿಯಲ್ಲಾದರೆ ಬಾಡಿಗೆ ಕರಾರು ತನ್ನಿ ಎಂದು ಅಲೆದಾಡಿಸುತ್ತಾರೆ. ಬೇಕಾಗಿಲ್ಲ: ಈಗಿನ ವಿಳಾಸವನ್ನು ಸ್ವಂತ ಘೋಷಣೆಯಾಗಿ ಬರೆದುಕೊಟ್ಟರೆ ಸಾಕು ಎಂದು 2019ರಲ್ಲೇ ನಿಯಮ ತಿದ್ದಲಾಗಿದೆ. ಯಾವ ದಾಖಲೆಯೂ ಇಲ್ಲದವರು ಫೋಟೊ ಮತ್ತು ಸಹಿ ಅಥವಾ ಹೆಬ್ಬೆಟ್ಟಿನ ಮೇಲೆ ‘ಸ್ಮಾಲ್ ಅಕೌಂಟ್’ ತೆರೆಯಬಹುದು. ಅದರಲ್ಲಿ ಬಾಕಿ 50,000 ಮೀರಕೂಡದು, ವರ್ಷದ ಜಮಾ 1,00,000, ತಿಂಗಳಿಗೆ ತೆಗೆಯುವುದು 10,000. ಇಷ್ಟೆಲ್ಲ ಕಟ್ಟುಪಾಡಿದ್ದರೂ ಸಣ್ಣ ಪ್ರೀಪೇಯ್ಡ್ ಕಾರ್ಡಿಗಿಂತ ಇದು ವಾಸಿ.

ನಮ್ಮ ಮುಖ್ಯ ಬೇಡಿಕೆ ಒಂದೇ. ಷರತ್ತುಗಳನ್ನು ಸರಳ ಭಾಷೆಯಲ್ಲಿ, ‘ಆದಷ್ಟು ಮಟ್ಟಿಗೆ’ ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿ ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲಿದೆ. ಆ ‘ಆದಷ್ಟು ಮಟ್ಟಿಗೆ’ಯನ್ನು ತೆಗೆದು ಕಡ್ಡಾಯ ಮಾಡಲಿ. ಕರ್ನಾಟಕದಲ್ಲಿ ಮಾರುವ ಪ್ರತಿ ಪ್ರೀಪೇಯ್ಡ್ ಕಾರ್ಡಿನ ಲಕೋಟೆಯ ಮೇಲೆ ಕನ್ನಡದಲ್ಲಿ ಆರು ಸಾಲು ಇರಲಿ: ಇದು ಸಣ್ಣ ಕಾರ್ಡೇ ಪೂರ್ಣ ಕೆವೈಸಿಯೇ, ತಿಂಗಳಿಗೆ ಎಷ್ಟು ತುಂಬಬಹುದು, ನಗದು ಬರುತ್ತದೆಯೇ, ಬೇರೆಯವರಿಗೆ ಕಳಿಸಬಹುದೇ, ಯಾವುದಕ್ಕೆ ಎಷ್ಟು ಶುಲ್ಕ, ಮುಚ್ಚಿದರೆ ಹಣ ಎಲ್ಲಿಗೆ ಹೋಗುತ್ತದೆ. ಆ್ಯಪ್‌ನಲ್ಲಿ ಕೊಡುವವರು ಓಟಿಪಿ ಕೇಳುವ ಪರದೆಗೆ ಮುಂಚೆ ಇದನ್ನು ತೋರಿಸಲಿ. ರಾಜ್ಯ ಮಟ್ಟದ ಬ್ಯಾಂಕರುಗಳ ಸಮಿತಿ ಈ ವಿಷಯವನ್ನು ತನ್ನ ಮುಂದಿನ ಸಭೆಯಲ್ಲಿ ಎತ್ತಿಕೊಳ್ಳಬೇಕು, ಬೇಸಿಕ್ ಖಾತೆ ನಿರಾಕರಿಸುವ ಶಾಖೆಗಳು ಕಾರಣವನ್ನು ಬರಹದಲ್ಲಿ ಕೊಡುವಂತೆಯೂ ಸೂಚಿಸಬೇಕು.

ಇಂತಿ,
ಕೆಲವು ನಿವೃತ್ತ ಬ್ಯಾಂಕ್ ನೌಕರರು, ಬೆಂಗಳೂರು